ಟವರ್ ಇಲ್ಲದ ಕಡೆ ಇಬ್ಬರೂ ಒಟ್ಟಿಗೆ ಇಳಿಯಲು ಬಂದರೆ ಯಾರು ಮೊದಲು?

ಪ್ರಶ್ನೆ (ತರಬೇತಿಯಲ್ಲಿರುವ ಸದಸ್ಯ): ನಮಸ್ಕಾರ ಸರ್. ಈಚೆಗೆ ಸೋಲೋ ಹಾರಾಟ ಶುರು ಮಾಡಿದ್ದೇನೆ. ನಮ್ಮದು ಕಂಟ್ರೋಲ್ ಟವರ್ ಇಲ್ಲದ ಸಣ್ಣ ನಿಲ್ದಾಣ. ಮೊನ್ನೆ ಸೆಸ್ನಾ 172ರಲ್ಲಿ ಬೇಸ್‌ನಲ್ಲಿದ್ದಾಗ (ರನ್‌ವೇ ನೇರಕ್ಕೆ ಇಳಿದು ಬರುವ ಕೊನೆಯ ದಾರಿ ಫೈನಲ್, ಅದಕ್ಕೆ ಅಡ್ಡಲಾಗಿ ಬರುವ ಮುಂಚಿನ ಹಂತ ಬೇಸ್) ರೇಡಿಯೋದಲ್ಲಿ ಒಬ್ಬರು "ನೇರ ಫೈನಲ್‌ಗೆ ಬರ್ತಿದ್ದೇನೆ, ಐದು ಮೈಲಿ" ಎಂದರು. ಎಷ್ಟು ಹುಡುಕಿದರೂ ವಿಮಾನ ಕಾಣಲಿಲ್ಲ. ಐದು ಮೈಲಿ ಇದೆಯಲ್ಲ ಅಂತ ನಾನು ಫೈನಲ್‌ಗೆ ತಿರುಗಿ ಇಳಿದೆ. ಇನ್ನೂ ರನ್‌ವೇ ಬಿಟ್ಟಿರಲಿಲ್ಲ, ಅವರು ಗೋ-ಅರೌಂಡ್ ಮಾಡಿಕೊಂಡು (ಇಳಿಯದೆ ಮತ್ತೆ ಮೇಲೇರಿ) ನನ್ನ ತಲೆ ಮೇಲೇ ಹೋದರು. ಆಮೇಲೆ "ಫೈನಲ್‌ನಲ್ಲಿದ್ದವನು ನಾನು, ಮೊದಲು ಇಳಿಯುವ ಹಕ್ಕು ನನ್ನದು" ಎಂದು ರೇಗಾಡಿದರು. ನಿಜವಾಗಿ ಯಾರು ಮೊದಲು ಇಳಿಯಬೇಕಿತ್ತು?

ಉತ್ತರ (ಫ್ಲೈಯಿಂಗ್ ಇನ್‌ಸ್ಟ್ರಕ್ಟರ್): ಅಂತರರಾಷ್ಟ್ರೀಯ ನಿಯಮ ಹೇಳುವುದು ಇಷ್ಟು. ಇಬ್ಬರು ಇಳಿಯಲು ಬರುತ್ತಿದ್ದರೆ ಮೇಲಿರುವವರು ಕೆಳಗಿರುವವರಿಗೆ ದಾರಿ ಬಿಡಬೇಕು. ಹಾಗಂತ ಕೆಳಗಿರುವವರು ಅದನ್ನೇ ನೆಪ ಮಾಡಿಕೊಂಡು, ಇಳಿಯುವ ಕೊನೆಯ ಹಂತದಲ್ಲಿರುವವರ ಮುಂದೆ ನುಗ್ಗುವಂತಿಲ್ಲ, ಅವರನ್ನು ಹಿಂದೆ ಹಾಕುವಂತಿಲ್ಲ. ಆ "ಕೊನೆಯ ಹಂತ" ಎಷ್ಟು ಮೈಲಿಯಿಂದ ಶುರು ಅಂತ ನಿಯಮದಲ್ಲಿಲ್ಲ. ಹಾಗಾಗಿ ಈ ಜಗಳ ಎಲ್ಲಾ ಫ್ಲೈಯಿಂಗ್ ಕ್ಲಬ್ಬುಗಳಲ್ಲೂ ಇದ್ದದ್ದೇ, ತೀರ್ಮಾನ ಆಗುವುದಿಲ್ಲ.

ನಾನಾದರೆ ಹಕ್ಕಿನ ಮಾತು ಬಿಟ್ಟು ಬೇರೆ ಪ್ರಶ್ನೆ ಕೇಳುತ್ತೇನೆ. ಐದು ಮೈಲಿ ಎಂದರು ಸರಿ, ವೇಗ ಎಷ್ಟು? 65 ನಾಟ್‌ನಲ್ಲಿ (ಗಂಟೆಗೆ 65 ನಾಟಿಕಲ್ ಮೈಲಿ) ಬರುವ ನಿಮ್ಮಂಥ ವಿಮಾನಕ್ಕೆ ಐದು ನಾಟಿಕಲ್ ಮೈಲಿ ಎಂದರೆ ನಾಲ್ಕೂವರೆ ನಿಮಿಷಕ್ಕೂ ಜಾಸ್ತಿ. 150 ನಾಟ್‌ನಲ್ಲಿ ಬರುವ ಎರಡು ಎಂಜಿನ್ ವಿಮಾನಕ್ಕೆ ಬರೀ ಎರಡು ನಿಮಿಷ. ನೀವು ಬೇಸ್‌ನಿಂದ ತಿರುಗಿ, ಇಳಿದು, ರನ್‌ವೇ ಬಿಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ದೂರ ಮಾತ್ರ ಕೇಳಿ ಲೆಕ್ಕ ಹಾಕಿದರೆ ಹೀಗೇ ಆಗುತ್ತದೆ. "ಯಾವ ವಿಮಾನ? ವೇಗ ಎಷ್ಟು?" ಅಂತ ರೇಡಿಯೋದಲ್ಲಿ ಕೇಳಿಬಿಡಿ. ಇದನ್ನು ಕೇಳಲು ಸಂಕೋಚಪಡುವವರೇ ಜಾಸ್ತಿ.

ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ 2022ರ ಆಗಸ್ಟ್ 18ರಂದು ನಡೆದದ್ದು ನೋಡಿ. ಅಲ್ಲೂ ಟವರ್ ಇಲ್ಲ. ಒಂದು ಸೆಸ್ನಾ 152 ಸರ್ಕ್ಯೂಟ್‌ನಲ್ಲಿತ್ತು, ಅಂದರೆ ಇಳಿಯಲು ರನ್‌ವೇ ಪಕ್ಕ ಹಾಕುವ ನಿಗದಿತ ಸುತ್ತಿನಲ್ಲಿತ್ತು. ಎರಡು ಎಂಜಿನ್‌ನ ಸೆಸ್ನಾ 340 ಹತ್ತು ಮೈಲಿ ದೂರದಿಂದಲೇ ನೇರ ಫೈನಲ್‌ಗೆ ಬರುತ್ತಿದ್ದೇನೆ ಎಂದು ಹೇಳಿಕೊಂಡು ಬಂತು. ಇಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರು, ಇಬ್ಬರೂ ಮಾತಾಡುತ್ತಿದ್ದರು. ಆದರೆ 340ರ ವೇಗ ಸುಮಾರು 180 ನಾಟ್, ಇಳಿಯಲು ಬರುವ ವಿಮಾನಕ್ಕೆ ಅದು ವಿಪರೀತ. ನೀವು ತುಂಬಾ ವೇಗವಾಗಿ ಬರ್ತಿದ್ದೀರಿ, ನಾನು ಗೋ-ಅರೌಂಡ್ ಮಾಡ್ತೇನೆ ಅಂತ 152ರ ಪೈಲಟ್ ಹೇಳಿದ್ದೇ ಕೊನೆ. ಎರಡೂ ಡಿಕ್ಕಿಯಾಗಿ ಮೂವರು ಸತ್ತರು. ಅಲ್ಲಿ ರೇಡಿಯೋ ಕೆಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ.

ಪ್ರಶ್ನೆ (ಅದೇ ಸದಸ್ಯ): ಧನ್ಯವಾದ ಸರ್. ಆದರೆ ನನಗೆ ಕಾಣಲೇ ಇಲ್ಲವಲ್ಲ, ಅದು ಯಾಕೆ? ಆಕಾಶ ತಿಳಿಯಾಗಿತ್ತು. ಕಣ್ಣೂ ಚೆನ್ನಾಗಿದೆ, ಮೆಡಿಕಲ್ ಪಾಸಾಗಿದ್ದೇನೆ.

ಉತ್ತರ (ಇನ್‌ಸ್ಟ್ರಕ್ಟರ್): ಗಾಳಿಯಲ್ಲಿ ಡಿಕ್ಕಿಗಳು ಹೆಚ್ಚಾಗಿ ಆಗುವುದೇ ಹಗಲು ಹೊತ್ತಿನಲ್ಲಿ, ತಿಳಿ ಆಕಾಶದಲ್ಲಿ, ನಿಲ್ದಾಣದ ಹತ್ತಿರ. ಹವಾಮಾನ ಚೆನ್ನಾಗಿದ್ದರೆ ಹಾರುವವರೂ ಜಾಸ್ತಿ, ಎಲ್ಲರೂ ಬರುವುದು ಅದೇ ಒಂದು ರನ್‌ವೇಗೆ.

ಇನ್ನು ಕಣ್ಣಿನ ವಿಷಯ. ಎದುರಿಗೊಂದು ಚುಕ್ಕೆ ಕಂಡು, ಅದು ವಿಮಾನ ಅಂತ ತಿಳಿದು, ನಮ್ಮ ಕಡೆಗೇ ಬರುತ್ತಿದೆ ಅಂತ ಗೊತ್ತಾಗಿ, ಎತ್ತ ತಿರುಗಬೇಕೆಂದು ತೀರ್ಮಾನಿಸಿ, ಕೈ ಆಡಿಸಿ, ವಿಮಾನ ಆ ಮಾತು ಕೇಳುವ ಹೊತ್ತಿಗೆ ಸುಮಾರು 12.5 ಸೆಕೆಂಡ್ ಹೋಗುತ್ತದೆ. ಇದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪೈಲಟ್‌ಗಳಿಗೆ ಕೊಡುವ ಲೆಕ್ಕ. ಎದುರುಬದುರು ತಲಾ 100 ನಾಟ್‌ನಲ್ಲಿ ಬರುತ್ತಿದ್ದರೆ ಅಷ್ಟರಲ್ಲಿ ಇಬ್ಬರ ನಡುವಿನ ಅಂತರ ಸುಮಾರು 1.3 ಕಿಲೋಮೀಟರ್ ಕರಗಿರುತ್ತದೆ. ಅಷ್ಟು ದೂರದಲ್ಲಿ ಒಂದು 172 ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ? ಈ ತುದಿಯಿಂದ ಆ ತುದಿಗೆ ರೆಕ್ಕೆ 11 ಮೀಟರ್. ಆಕಾಶದಲ್ಲಿ ಚಂದ್ರ ಎಷ್ಟು ಅಗಲ ಕಾಣುತ್ತಾನೋ ಅಷ್ಟೇ. ಅದೂ ಚಂದ್ರನ ಹಾಗೆ ಗುಂಡಗೆ ಅಲ್ಲ, ಒಂದು ತೆಳು ಗೆರೆ, ನಡುವೆ ಒಂದು ಚುಕ್ಕೆ. ತಪ್ಪಿಸಿಕೊಳ್ಳಲು ಅದು ಅಷ್ಟು ಸಣ್ಣದಿರುವಾಗಲೇ ಕಣ್ಣಿಗೆ ಬೀಳಬೇಕು.

ಇನ್ನೊಂದು ಕಷ್ಟವಿದೆ. ಅಲುಗಾಡುವುದನ್ನು ಕಣ್ಣು ಬೇಗ ಹಿಡಿಯುತ್ತದೆ. ಆದರೆ ನಿಮಗೆ ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಇಬ್ಬರೂ ನೇರವಾಗಿ ಒಂದೇ ಬಿಂದುವಿಗೆ ಹೋಗುತ್ತಿದ್ದರೆ ಅದು ಒಂದೇ ಜಾಗದಲ್ಲಿ ಅಂಟಿಕೊಂಡಂತೆ ಇರುತ್ತದೆ. ತುಂಬಾ ಹೊತ್ತು ಸಣ್ಣದಾಗೇ ಇದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ದಿಢೀರನೆ ದೊಡ್ಡದಾಗುತ್ತದೆ. ಎಡಕ್ಕೋ ಬಲಕ್ಕೋ ಸರಿಯುತ್ತಿರುವ ವಿಮಾನ ಕಂಡರೆ ಅಷ್ಟು ಭಯ ಬೇಡ. ಜಾಗ ಬಿಡದೆ ನಿಂತಿರುವುದು ಕಂಡರೆ ತಡಮಾಡದೆ ದಿಕ್ಕು ಬದಲಿಸಿ.

ಆ ಜಾಗದಲ್ಲೇ ಕಿಟಕಿಯ ಕಂಬಿ ಅಡ್ಡ ಬಂದರಂತೂ ಇಡೀ ವಿಮಾನವೇ ಮರೆಯಾಗುತ್ತದೆ. ಅದಕ್ಕೇ ತಲೆಯನ್ನು ಹಿಂದೆ ಮುಂದೆ ಆಡಿಸಿ ನೋಡಿ ಅಂತ ಹೇಳುವುದು. ಆಕಾಶದ ಮೇಲೆ ಸುಮ್ನೆ ಕಣ್ಣಾಡಿಸಿದರೆ ಏನೂ ಕಾಣುವುದಿಲ್ಲ. ಸುಮಾರು 10 ಡಿಗ್ರಿಯಷ್ಟು ಜಾಗ, ಒಂದು ಸೆಕೆಂಡಾದರೂ ಕಣ್ಣು ನಿಲ್ಲಿಸಿ, ಆಮೇಲೆ ಪಕ್ಕದ ತುಂಡು.

ನಿಮ್ಮ 172ರಲ್ಲಿ ರೆಕ್ಕೆ ಮೇಲಿದೆ. ಎಡಕ್ಕೆ ವಾಲಿಸಿದ ಕೂಡಲೇ ಆ ರೆಕ್ಕೆ ಇಳಿದು, ನೀವು ಹೋಗಬೇಕಾದ ಕಡೆಯನ್ನೇ ಮುಚ್ಚುತ್ತದೆ. ಹಾಗಾಗಿ ಬೇಸ್‌ನಿಂದ ತಿರುಗುವ ಮೊದಲು ಎಡ ರೆಕ್ಕೆಯನ್ನು ಸ್ವಲ್ಪ ಎತ್ತಿ ಆ ಕಡೆ ನೋಡಿ. ರನ್‌ವೇ ಕಡೆಗಷ್ಟೇ ಅಲ್ಲ, ಬಲಕ್ಕೂ, ಫೈನಲ್ ದಾರಿಯಲ್ಲಿ ದೂರದವರೆಗೆ. ಮತ್ತೆ ತಿರುಗಿ.

ಇನ್ನೊಬ್ಬ ಸದಸ್ಯ: ನಾನು ಹಾರಿಸುವುದು ಪೈಪರ್, ರೆಕ್ಕೆ ಕೆಳಗಿದೆ. ನಮಗೆ ಮೇಲೆಲ್ಲ ಚೆನ್ನಾಗಿ ಕಾಣುತ್ತೆ, ಈ ತೊಂದರೆ ಇಲ್ಲ ಅಲ್ವಾ ಸರ್?

ಉತ್ತರ (ಇನ್‌ಸ್ಟ್ರಕ್ಟರ್): ನಿಮಗೆ ಕೆಳಗೆ ಕಾಣುವುದಿಲ್ಲ, ಸೆಸ್ನಾದವರಿಗೆ ಮೇಲೆ ಕಾಣುವುದಿಲ್ಲ. ಇಬ್ಬರೂ ಫೈನಲ್‌ನಲ್ಲಿ, ನೀವು ಮೇಲೆ, ಅವರು ಕೆಳಗೆ, ನೀವು ಸ್ವಲ್ಪ ವೇಗವಾಗಿ ಇಳಿಯುತ್ತಿದ್ದೀರಿ. ಇದಕ್ಕಿಂತ ಕೆಟ್ಟ ಜೋಡಿ ಬೇರೆ ಇಲ್ಲ. ಅದಕ್ಕೇ ಸರ್ಕ್ಯೂಟ್ ಸೇರುವ ಮೊದಲೇ ಸರ್ಕ್ಯೂಟ್ ಎತ್ತರಕ್ಕೆ ಬಂದಿರಬೇಕು. ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ ನೆಲದಿಂದ 1000 ಅಡಿ. ಡೌನ್‌ವಿಂಡ್‌ನಲ್ಲಿರುವವರ (ಬೇಸ್‌ಗೆ ಮುಂಚೆ, ರನ್‌ವೇಗೆ ಸಮಾನಾಂತರವಾಗಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವವರ) ನೆತ್ತಿ ಮೇಲೆ ಇಳಿಯುತ್ತಾ ಸೇರಬೇಡಿ.

ಮತ್ತೊಬ್ಬ ಸದಸ್ಯ: ಈಗ ಟ್ಯಾಬ್ಲೆಟ್‌ನಲ್ಲೇ ಎಡಿಎಸ್-ಬಿ (ವಿಮಾನಗಳು ತಾವಿರುವ ಜಾಗವನ್ನು ತಾವೇ ಸಿಗ್ನಲ್‌ನಲ್ಲಿ ಕಳಿಸುವ ವ್ಯವಸ್ಥೆ) ಟ್ರಾಫಿಕ್ ಬರುತ್ತದೆ. ಕಿಟಕಿಯಲ್ಲಿ ಇಣುಕುವುದೆಲ್ಲ ಹಳೇ ಕಾಲದ ಮಾತು ಅನ್ನಿಸಲ್ವಾ?

ಉತ್ತರ (ಇನ್‌ಸ್ಟ್ರಕ್ಟರ್): ಎಡಿಎಸ್-ಬಿ ಬಂದದ್ದು ಒಳ್ಳೆಯದೇ ಆಯಿತು. ನಾನೂ ಬಳಸುತ್ತೇನೆ. ಆದರೆ ಸಿಗ್ನಲ್ ಕಳಿಸದ ವಿಮಾನ ಪರದೆಯಲ್ಲಿ ಬರುವುದೇ ಇಲ್ಲ. ಅಮೆರಿಕದಲ್ಲಿ 2020ರ ಜನವರಿಯಿಂದ ಇದು ಕಡ್ಡಾಯ ಆದರೂ ದಟ್ಟಣೆಯ ವಾಯುಪ್ರದೇಶಕ್ಕೆ ಮಾತ್ರ. ಟವರ್ ಇಲ್ಲದ ಎಷ್ಟೋ ನಿಲ್ದಾಣಗಳ ಸುತ್ತ ಅದಿಲ್ಲದೆಯೂ ಹಾರಬಹುದು. ಸಿಗ್ನಲ್ ಇದ್ದರೂ ಚಿತ್ರ ಒಂದೆರಡು ಸೆಕೆಂಡ್ ಹಿಂದಿನದಿರಬಹುದು. ಹತ್ತು ಮೈಲಿ ಆಚೆ ಇದ್ದಾಗ ಅದನ್ನು ನೋಡಿ, ಯಾರು ಎಲ್ಲಿದ್ದಾರೆ ಅಂತ ತಲೆಯಲ್ಲಿ ಒಂದು ನಕ್ಷೆ ಮಾಡಿಕೊಳ್ಳಿ. ಲ್ಯಾಂಡಿಂಗ್ ಲೈಟ್ ಹಾಕಿ, ಚೆಕ್‌ಲಿಸ್ಟ್ ಮುಗಿಸಿಬಿಡಿ. ಸರ್ಕ್ಯೂಟ್ ಒಳಗೆ ಬಂದ ಮೇಲೆ ಕಣ್ಣು ಹೊರಗೇ ಇರಬೇಕು. ಪಕ್ಕದಲ್ಲಿ ಪ್ರಯಾಣಿಕರಿದ್ದರೆ ಅವರಿಗೂ ಹುಡುಕಲು ಹೇಳಿ, ಖುಷಿಯಿಂದ ಮಾಡುತ್ತಾರೆ.

ರೇಡಿಯೋದಲ್ಲೂ ಸ್ವಲ್ಪ ಯೋಚಿಸಿ ಮಾತಾಡಬೇಕು. ಅಕ್ಕಪಕ್ಕದ ಹಲವು ನಿಲ್ದಾಣಗಳಿಗೆ ಒಂದೇ ಫ್ರೀಕ್ವೆನ್ಸಿ ಇರುತ್ತದೆ, ಹಾಗಾಗಿ ನಿಲ್ದಾಣದ ಹೆಸರನ್ನು ಮೊದಲೂ ಕೊನೆಗೂ ಹೇಳಬೇಕು. ಇನ್‌ಸ್ಟ್ರುಮೆಂಟ್ ಅಪ್ರೋಚ್ ಮಾಡುವ (ಉಪಕರಣಗಳ ಆಧಾರದ ಮೇಲೆ ಇಳಿಯಲು ಬರುವ) ಕೆಲವರು ನಕ್ಷೆಯ ಮೇಲಿನ ಐದಕ್ಷರದ ಬಿಂದುವಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಕಲಿಯುವ ಹುಡುಗನಿಗೆ ಅದು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? "ಉತ್ತರಕ್ಕೆ ಆರು ಮೈಲಿ, 2000 ಅಡಿ, ವೇಗ 140" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಮತ್ತೊಬ್ಬ ಸದಸ್ಯೆ: ಟವರ್ ಇದ್ದರೆ ಈ ತಲೆನೋವೇ ಇಲ್ಲ ಅಲ್ವಾ?

ಉತ್ತರ (ಇನ್‌ಸ್ಟ್ರಕ್ಟರ್): ಕಡಿಮೆ, ಆದರೆ ಇಲ್ಲ ಅಂತಲ್ಲ ಮೇಡಂ. ಅಮೆರಿಕದ ಡೆನ್ವರ್ ಹತ್ತಿರದ ಸೆಂಟೆನಿಯಲ್ ನಿಲ್ದಾಣದಲ್ಲಿ ಟವರ್ ಇದೆ. 2021ರ ಮೇ 12ರಂದು ಒಂದು ಸಿರಸ್ (ಸಣ್ಣ ವಿಮಾನ) ಫೈನಲ್‌ಗೆ ತಿರುಗುವಾಗ ತನ್ನ ರನ್‌ವೇ ಗೆರೆ ದಾಟಿ, ಪಕ್ಕದ ಸಮಾನಾಂತರ ರನ್‌ವೇಗೆ ಬರುತ್ತಿದ್ದ ಮೆಟ್ರೋಲೈನರ್ ಎಂಬ ಎರಡು ಎಂಜಿನ್ ವಿಮಾನಕ್ಕೆ ಬಡಿಯಿತು. ಸಿರಸ್ ತನ್ನ ಪ್ಯಾರಾಚೂಟ್‌ನಲ್ಲಿ ಕೆಳಗಿಳಿಯಿತು, ಮೈ ಸೀಳಿಹೋದ ಮೆಟ್ರೋಲೈನರ್ ರನ್‌ವೇಗೇ ಇಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮರುವರ್ಷ ಜುಲೈನಲ್ಲಿ ನಾರ್ತ್ ಲಾಸ್ ವೇಗಸ್‌ನಲ್ಲಿ, ಅಲ್ಲೂ ಟವರ್, ಅಲ್ಲೂ ಸಮಾನಾಂತರ ರನ್‌ವೇಗಳು, ನಾಲ್ವರು ಸತ್ತರು. ಎರಡು ರನ್‌ವೇ ಪಕ್ಕಪಕ್ಕದಲ್ಲಿದ್ದರೆ ಬೇಸ್‌ನಿಂದ ಸ್ವಲ್ಪ ಬೇಗನೇ ತಿರುಗಲು ಶುರು ಮಾಡಿ. ಗೆರೆ ದಾಟಿ ಆಮೇಲೆ ಸರಿಮಾಡಿಕೊಂಡರಾಯಿತು ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ (ಮೊದಲಿನ ಸದಸ್ಯ): ಕೊನೆಯದಾಗಿ ಒಂದು ಸರ್. ಮುಂದಿನ ಸಲ ಹೀಗೇ ಆದರೆ ಏನು ಮಾಡಲಿ?

ಉತ್ತರ (ಇನ್‌ಸ್ಟ್ರಕ್ಟರ್): ಡೌನ್‌ವಿಂಡ್‌ನಲ್ಲೇ ಇದ್ದರೆ ಬೇಸ್‌ಗೆ ತಿರುಗಬೇಡಿ. "ಡೌನ್‌ವಿಂಡ್ ಮುಂದುವರಿಸ್ತೇನೆ, ನೀವು ಮೊದಲು ಇಳಿಯಿರಿ" ಎನ್ನಿ. ಅವರು ನಿಮ್ಮ ಪಕ್ಕ ಹಾದುಹೋಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ತಿರುಗಿ. ಬೇಸ್‌ಗೆ ಬಂದಾಗಿದ್ದು ಅವರು ಕಾಣದಿದ್ದರೆ ಫೈನಲ್‌ಗೆ ತಿರುಗುವ ಮೊದಲೇ ಇಳಿಯುವುದು ನಿಲ್ಲಿಸಿ. ಫೈನಲ್ ದಾರಿ ದಾಟದೆ, ಡೌನ್‌ವಿಂಡ್ ಕಡೆಗೇ ವಾಪಸ್ ತಿರುಗಿ, ಅಲ್ಲಿ ಯಾರೂ ಇಲ್ಲ ಅಂತ ಖಚಿತಪಡಿಸಿಕೊಂಡು, ಏನು ಮಾಡುತ್ತಿದ್ದೀರಿ ಅಂತ ರೇಡಿಯೋದಲ್ಲಿ ಹೇಳುತ್ತಾ. ಫೈನಲ್‌ನಿಂದ ಗೋ-ಅರೌಂಡ್ ಮಾಡಬೇಕಾಗಿ ಬಂದರೆ ರನ್‌ವೇ ನೆತ್ತಿ ಮೇಲೆ ನೇರ ಹೋಗಬೇಡಿ. ಸರ್ಕ್ಯೂಟ್ ಇಲ್ಲದ ಬದಿಗೆ ಸ್ವಲ್ಪ ಸರಿದು, ರನ್‌ವೇ ನಿಮ್ಮ ಕಿಟಕಿಯಲ್ಲಿ ಕಾಣುವ ಹಾಗೆ ಸಮಾನಾಂತರವಾಗಿ ಏರಿ. ಕೆಳಗಿನಿಂದ ಯಾರಾದರೂ ಟೇಕಾಫ್ ಆಗಿ ಮೇಲೆ ಬರುತ್ತಿದ್ದರೆ ಆಗ ಮಾತ್ರ ನಿಮಗೆ ಕಾಣುತ್ತದೆ.