ನಾವೇ ಕಟ್ಟಿದ ರೈಲ್‌ಗನ್: ಸೆನ್ಸರ್ ತೋರಿಸುವ ವೇಗವನ್ನು ನಂಬಬಹುದೇ?

ಪ್ರಶ್ನೆ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ, ನಮ್ಮ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ತಾಮ್ರದ ಎರಡು ಹಳಿಗಳ ಪುಟ್ಟ ರೈಲ್‌ಗನ್ (ಹಳಿಗಳಲ್ಲಿ ಭಾರಿ ವಿದ್ಯುತ್ತು ಹರಿಸಿ, ಕಾಂತೀಯ ಬಲದಿಂದ ಲೋಹದ ತುಂಡನ್ನು ಚಿಮ್ಮಿಸುವ ಸಾಧನ) ಒಂದನ್ನು ಕಟ್ಟಿದ್ದೇವೆ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳಲು ಎಸ್.ಪಿ. ರಸ್ತೆಯಲ್ಲಿ ಕೊಂಡ ಕೆಪಾಸಿಟರ್‌ಗಳ ಒಟ್ಟು ಧಾರಣೆ 4,700 ಮೈಕ್ರೊಫ್ಯಾರಡ್. ಅವುಗಳನ್ನು 400 ವೋಲ್ಟ್‌ವರೆಗೆ ಚಾರ್ಜ್ ಮಾಡುತ್ತೇವೆ. ಹಳಿಗಳ ನಡುವೆ ಓಡುವುದು 2 ಗ್ರಾಂ ತೂಕದ ಅಲ್ಯೂಮಿನಿಯಂ ತುಂಡು. ಹಳಿಗಳ ಬಾಯಿಯ ಮುಂದೆಯೇ 10 ಸೆಂ.ಮೀ. ಅಂತರದಲ್ಲಿ ಎರಡು ಅತಿಗೆಂಪು ಸೆನ್ಸರ್‌ಗಳನ್ನಿಟ್ಟು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಿಂದ ಕಾಲವನ್ನು ಅಳೆದರೆ ವೇಗ ಸೆಕೆಂಡಿಗೆ 900 ಮೀಟರ್ ಎಂದು ಬರುತ್ತಿದೆ. ಇದನ್ನು ವರದಿಯಲ್ಲಿ ಬರೆಯಬಹುದೇ?

ಉತ್ತರ (ಮಲ್ಲೇಶ್ವರಂ)

ದಯವಿಟ್ಟು ಬರೆಯಬೇಡಿ. ನಿಮ್ಮ ಕೆಪಾಸಿಟರ್‌ಗಳಲ್ಲಿ ಇರುವ ಶಕ್ತಿಯೇ ಸುಮಾರು 376 ಜೌಲ್. ಆದರೆ 2 ಗ್ರಾಂ ತುಂಡು 900 ಮೀಟರ್ ವೇಗದಲ್ಲಿ ಹೋಗಬೇಕಾದರೆ ಅದಕ್ಕೆ 810 ಜೌಲ್ ಬೇಕು. ಹಾಕಿದ್ದಕ್ಕಿಂತ ಎರಡು ಪಟ್ಟು ಹೊರಬಂದಿದೆ ಎಂದರೆ ಪರೀಕ್ಷಕರು ನಕ್ಕಾರು. ಇಷ್ಟು ಸಣ್ಣ ರೈಲ್‌ಗನ್‌ನಲ್ಲಿ ನೂರಕ್ಕೆ ಎರಡು ಪಾಲು ಶಕ್ತಿ ತುಂಡಿಗೆ ದಕ್ಕಿದರೂ ದೊಡ್ಡದು. ಆ ಲೆಕ್ಕದಲ್ಲಿ ವೇಗ 90 ಮೀಟರಿನ ಆಸುಪಾಸಿನಲ್ಲಿರಬೇಕು. ಆರ್ಡುಯಿನೊ 4 ಮೈಕ್ರೊಸೆಕೆಂಡಿನ ಹಂತದಲ್ಲಿ ಎಣಿಸುವುದರಿಂದ ತಪ್ಪು ಅದರದ್ದಲ್ಲ. ತುಂಡಿನ ಹಿಂದೆಯೇ ಹೊರನುಗ್ಗುವ ಆರ್ಕ್‌ನ (ವಿದ್ಯುತ್ ಕಿಡಿಯ) ಬೆಳಕು ಮತ್ತು ಸಾವಿರಾರು ಆಂಪಿಯರ್ ವಿದ್ಯುತ್ತು ಹರಿದಾಗ ಸೆನ್ಸರಿನ ತಂತಿಗಳಲ್ಲಿ ಹುಟ್ಟುವ ಗದ್ದಲ, ಇವೆರಡನ್ನೇ ಅದು ಅಳೆಯುತ್ತಿದೆ. ಸೆನ್ಸರ್‌ಗಳನ್ನು ಬಾಯಿಯಿಂದ ಅರ್ಧ ಮೀಟರಾದರೂ ದೂರ ಸರಿಸಿ, ಬಾಯಿಗೂ ಅವುಗಳಿಗೂ ನಡುವೆ ಸಣ್ಣ ರಂಧ್ರವಿರುವ ರಟ್ಟನ್ನು ನಿಲ್ಲಿಸಿ, ತಂತಿಗಳಿಗೆ ಲೋಹದ ಕವಚ ಹಾಕಿ. ಟಿವಿ ರಿಮೋಟಿನ ರಿಸೀವರ್ ಬಳಸುವ ಯೋಚನೆಯಿದ್ದರೆ ಬಿಡಿ, ಅದು ಈ ಕೆಲಸಕ್ಕೆ ತೀರಾ ನಿಧಾನ.

ಉತ್ತರ (ಜಯನಗರ)

ವಿದ್ಯುತ್ತಿನ ಗೊಡವೆಯೇ ಇಲ್ಲದ ವಿಧಾನವೊಂದಿದೆ. ಗುಂಡಿನ ವೇಗ ಅಳೆಯಲು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ ಲೋಲಕ ಇಂದಿಗೂ ಸಾಕು. ಜೇಡಿಮಣ್ಣು ತುಂಬಿದ ಒಂದು ಕಿಲೋ ತೂಕದ ಡಬ್ಬಿಯನ್ನು ಒಂದು ಮೀಟರ್ ಉದ್ದದ ದಾರಗಳಿಗೆ ತೂಗುಹಾಕಿ, ತುಂಡು ಅದರೊಳಗೆ ಹೂತುಕೊಳ್ಳುವಂತೆ ಮಾಡಿ. 90 ಮೀಟರ್ ವೇಗಕ್ಕೆ ಡಬ್ಬಿ ಮೇಲೇರುವುದು 2 ಮಿ.ಮೀ.ಗೂ ಕಡಿಮೆ, ಅದನ್ನು ಅಳೆಯಲು ಹೋಗಬೇಡಿ. ಅಡ್ಡಕ್ಕೆ ಮಾತ್ರ ಸುಮಾರು 5.7 ಸೆಂ.ಮೀ. ಸರಿಯುತ್ತದೆ, ಅದು ಸ್ಕೇಲಿಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಕರಗಿದ ಅಲ್ಯೂಮಿನಿಯಂ ಹನಿಗಳೂ ಡಬ್ಬಿಗೆ ಬಡಿದರೆ ಲೆಕ್ಕ ಕೆಡುವುದಿಲ್ಲವೇ?

ಉತ್ತರ (ಜಯನಗರ)

ಕೆಡುತ್ತದೆ. ಮೇಲೆ ಹೇಳಿದ ರಂಧ್ರದ ರಟ್ಟು ಇಲ್ಲಿಯೂ ಇರಲಿ. ಹಳಿಗಳ ಮೇಲೆ ಸವೆದು ತುಂಡು ಹಗುರವಾಗಿರುತ್ತದೆ, ಆದ್ದರಿಂದ ಮಣ್ಣಿನಿಂದ ತೆಗೆದು ಮತ್ತೆ ತೂಗಿ, ಆ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಉತ್ತರ (ಯಲಹಂಕ)

ಎರಡನೆಯ ಸಾಕ್ಷಿಗೆ ಮೊಬೈಲ್ ಸಾಕು. ಹಳಿಗಳ ಬಾಯಿಯ ಪಕ್ಕದಲ್ಲಿಟ್ಟು ಧ್ವನಿಮುದ್ರಿಸಿ, 3 ಮೀಟರ್ ದೂರದ ಗುರಿಗೆ ಹಾರಿಸಿ. ಎರಡು ಸದ್ದುಗಳ ನಡುವಿನ ಕಾಲದಿಂದ, ಗುರಿಯ ಸದ್ದು ಹಿಂದಿರುಗಲು ಹಿಡಿಯುವ 8.7 ಮಿಲಿಸೆಕೆಂಡನ್ನು ಕಳೆಯಿರಿ; 90 ಮೀಟರ್ ವೇಗವಾದರೆ 33 ಮಿಲಿಸೆಕೆಂಡಿನಷ್ಟು ಉಳಿಯಬೇಕು. ಬೆಂಗಳೂರು ಎತ್ತರದಲ್ಲಿದೆಯೆಂದು ಶಬ್ದದ ವೇಗವನ್ನು ತಿದ್ದಬೇಕಿಲ್ಲ, ಅದು ನಿಂತಿರುವುದು ಉಷ್ಣತೆಯ ಮೇಲೆ. ಇನ್ನು, ಹಾರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ಬರಿದುಮಾಡುವ ರೆಸಿಸ್ಟರನ್ನು ಕಾಯಂ ಆಗಿ ಜೋಡಿಸಿ, ಮೀಟರಿನಲ್ಲಿ ಸೊನ್ನೆ ಕಂಡ ನಂತರವೇ ಹಳಿಗಳನ್ನು ಮುಟ್ಟಿ.