ಓಡಲು ಬರುತ್ತದೆ, ಸ್ಕೀ ಹಾಕಿದರೆ ಮಾತ್ರ ದಮ್ಮು ಸಾಲುವುದಿಲ್ಲ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಸ್ಟಾಕ್‌ಹೋಮ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಇಲ್ಲಿ ಕೆಲಸ. ಹಾಫ್ ಮ್ಯಾರಥಾನ್ ಆರಾಮಾಗಿ ಓಡುತ್ತೇನೆ. ಹೋದ ಚಳಿಗಾಲದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದರೆ ಕಾಲಿಗೆ ಸ್ಕೀ ಕಟ್ಟಿ, ಕೋಲು ಊರಿ ಹಿಮದ ಮೇಲೆ ಉದ್ದ ದಾರಿ ಸಾಗುವ ಆಟ, ಶುರು ಮಾಡಿದೆ. ಸಣ್ಣ ಏರು ಬಂದರೂ ಹಾರ್ಟ್ ರೇಟ್ 175 ದಾಟುತ್ತದೆ, ತೋಳು ಮರಗಟ್ಟುತ್ತದೆ. ಅರವತ್ತು ದಾಟಿದ ಅಜ್ಜಿಯರು ಮಾತಾಡಿಕೊಂಡೇ ನನ್ನನ್ನು ಹಿಂದೆ ಹಾಕುತ್ತಾರೆ. ಇಲ್ಲಿಯ ದೊಡ್ಡ ಸ್ಕೀ ರೇಸ್ ವಾಸಾಲೋಪೆಟ್‌ನ 90 ಕಿ.ಮೀ. ದಾರಿ ಮುಗಿಸಬೇಕು ಅಂತ ಆಸೆ. ದೊಡ್ಡ ರೇಸಿನ ದಿನ ಅಲ್ಲ, ಅದಕ್ಕೆ ಮುಂಚೆ ನಡೆಯುವ ಓಪೆಟ್ ಸ್ಪೋರ್‌ನಲ್ಲಿ. ರೇಸಿನವರ ದೇಹ ಇದನ್ನು ಹೇಗೆ ತಾಳುತ್ತದೆ? ಅವರಿಂದ ನಮ್ಮಂಥವರು ಕಲಿಯಬಹುದಾದದ್ದು ಏನಾದರೂ ಇದೆಯಾ? ಅಂದ ಹಾಗೆ, ನಾನು ಸಸ್ಯಾಹಾರಿ.

ಉತ್ತರ, ಓಸ್ಟರ್‌ಸುಂಡ್‌ನಿಂದ

ಮೊದಲು ಆ ಅಜ್ಜಿಯರ ವಿಷಯ. ಅವರು ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಸ್ಕೀ ಹಾಕಿದವರು. ಒಂದೇ ವೇಗಕ್ಕೆ ನಿಮಗಿಂತ ಎಷ್ಟೋ ಕಡಿಮೆ ಆಮ್ಲಜನಕ ಸಾಕು ಅವರಿಗೆ. ಈ ಆಟದಲ್ಲಿ ಕೌಶಲ ಬಂದ ಹಾಗೆ ದಮ್ಮು ತಾನಾಗಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ರೇಸಿನವರು. ಮೈತೂಕದ ಒಂದು ಕಿಲೋಗೆ, ಒಂದು ನಿಮಿಷದಲ್ಲಿ, ದೇಹ ಹೆಚ್ಚೆಂದರೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎನ್ನುವ ಅಳತೆಯೇ ವಿಓ2 ಮ್ಯಾಕ್ಸ್. ಆರೋಗ್ಯವಾಗಿರುವ ಯುವಕನಿಗೆ ಇದು ಸುಮಾರು 40ರಿಂದ 50 ಇರುತ್ತದೆ. ವಿಶ್ವಮಟ್ಟದ ಪುರುಷ ಸ್ಕೀಯರ್‌ಗಳಿಗೆ 80ರಿಂದ 90, ಮಹಿಳೆಯರಿಗೆ 70ರಿಂದ 80. ಇದರಲ್ಲಿ ಹುಟ್ಟಿನಿಂದ ಬಂದ ಪಾಲೂ ಇದೆ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್‌ಲೆಂಡಿನ ಏರೋ ಮ್ಯಾಂಟಿರಾಂಟಾ ಅವರ ಕುಟುಂಬದಲ್ಲೇ ಒಂದು ಜೀನ್ ಬದಲಾವಣೆ ಇತ್ತು. ಅದರಿಂದ ಕೆಂಪು ರಕ್ತಕಣ ಬೇರೆಯವರಿಗಿಂತ ಜಾಸ್ತಿ ಹುಟ್ಟುತ್ತಿದ್ದವು. ಅದನ್ನು ನಾವು ಎಲ್ಲಿಂದ ತರೋಣ, ಅಲ್ವಾ?

ಆದರೆ ತರಬೇತಿಯ ಕ್ರಮ ತರಬಹುದು. ನಾರ್ವೆಯ ಮಾರಿಟ್ ಬ್ಯೋರ್ಗೆನ್ ಒಲಿಂಪಿಕ್ಸ್‌ನಲ್ಲಿ 15 ಪದಕ ಗೆದ್ದವರು. ಅವರ ತರಬೇತಿ ಡೈರಿಗಳನ್ನು ಸಂಶೋಧಕರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. 20ನೇ ವಯಸ್ಸಿನಲ್ಲಿ ವರ್ಷಕ್ಕೆ 522 ಗಂಟೆ, 35ರಲ್ಲಿ 940 ಗಂಟೆ. ದಮ್ಮಿನ ತರಬೇತಿಯಲ್ಲಿ ಶೇ. 90ಕ್ಕಿಂತ ಜಾಸ್ತಿ ಪಾಲು ನಿಧಾನದ್ದು, ಮಾತಾಡುತ್ತಾ ಮಾಡಬಹುದಾದದ್ದು! ನಾನು ಸೇರಿರುವ ಕ್ಲಬ್ಬಿನಲ್ಲೂ ಇದನ್ನೇ ನೋಡುತ್ತೇನೆ. ರೇಸಿಗೆ ಹೋಗುವ ಹುಡುಗರು ಉದ್ದದ ದಿನಗಳಲ್ಲಿ ನಾಚಿಕೆ ಇಲ್ಲದೆ ನಿಧಾನ ಹೋಗುತ್ತಾರೆ. ಏರಿನಲ್ಲಿ ಬಡಿತ ಹೆಚ್ಚಾದರೆ ನಡೆಯುತ್ತಾರೆ. ಹೊಸಬರು ಮಾತ್ರ ಪ್ರತಿ ಸಲವೂ ರೇಸಿನ ಹಾಗೆ ಹೋಗಿ, ಕೌಶಲ ಕಲಿಯುವ ಮುಂಚೆಯೇ ಸುಸ್ತಾಗುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಈ ಚಳಿಗಾಲ ಪೂರ್ತಿ ಮಾತು ನಿಲ್ಲದ ವೇಗದಲ್ಲೇ ಹೋಗಿ. ಏರು ಬಂದರೆ ಸ್ಕೀಗಳ ಮುಂದಿನ ತುದಿ ಅಗಲಿಸಿ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿ. ವಾರಕ್ಕೆ ಒಂದು ದಿನ ಮಾತ್ರ ಜೋರು.

ಉತ್ತರ, ಗೋಥೆನ್‌ಬರ್ಗ್‌ನಿಂದ

ತೋಳಿನ ಬಗ್ಗೆ ನಾನು ಹೇಳುತ್ತೇನೆ, ನಾನೂ ಓಟದಿಂದ ಬಂದವಳು. ಓಡುವವರ ಕಾಲಿನ ಸ್ನಾಯುಗಳಿಗೆ ರಕ್ತದಿಂದ ಆಮ್ಲಜನಕ ಹೀರಿಕೊಳ್ಳುವುದು ಚೆನ್ನಾಗಿ ರೂಢಿ ಆಗಿರುತ್ತದೆ, ತೋಳಿಗೆ ಆಗಿರುವುದಿಲ್ಲ. ಅದಕ್ಕೇ ಅಲ್ಲಿ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ಹುಟ್ಟುವ ವಸ್ತು) ಬೇಗ ಏರುತ್ತದೆ. ನುರಿತ ಸ್ಕೀಯರ್‌ಗಳಲ್ಲೂ ತೋಳು ಕಾಲಿಗಿಂತ ಸ್ವಲ್ಪ ಹಿಂದೆಯೇ, ಆದರೆ ಅವರಲ್ಲಿ ಆ ಅಂತರ ಕಡಿಮೆ. ವರ್ಷಗಟ್ಟಲೆ ತೋಳಿಗೂ ಕೆಲಸ ಕೊಟ್ಟಿದ್ದಾರೆ.

ಎರಡೂ ಕೋಲು ಒಟ್ಟಿಗೆ ಊರಿ ತಳ್ಳುವ ಡಬಲ್ ಪೋಲಿಂಗ್ ಕಲಿಯಿರಿ. ನಾವು ಹೊಸಬರು ತೋಳಿನಿಂದ ತಳ್ಳುತ್ತೇವೆ, ನುರಿತವರು ಮೈಭಾರದಿಂದ ತಳ್ಳುತ್ತಾರೆ. ಪಕ್ಕದಲ್ಲಿ ನಿಂತು ಗಮನಿಸಿ. ಮೊದಲು ಮುಂಗಾಲಿನ ಮೇಲೆ ಎದ್ದು, ಸೊಂಟ ಮುಂದೆ ತರುತ್ತಾರೆ. ಕೋಲು ಬೂಟಿನ ಪಕ್ಕ ಹಿಮಕ್ಕೆ ತಾಗಿದ ಕ್ಷಣ ಹೊಟ್ಟೆ ಬಿಗಿಯಾಗುತ್ತದೆ, ಎದೆ ಕೆಳಗೆ ಬೀಳುತ್ತದೆ. ಮೊಣಕೈ ಮಡಚಿದಂತೆಯೇ ಇರುತ್ತದೆ, ತೊಡೆ ದಾಟುವಾಗ ಮಾತ್ರ ಬಿಡಿಸಿಕೊಳ್ಳುತ್ತದೆ. ಕೊನೆಗೆ ಬೆರಳು ತೆರೆದೇ ಇರುತ್ತವೆ, ಕೋಲು ಬರೀ ಪಟ್ಟಿಯಲ್ಲಿ ನೇತಾಡುತ್ತದೆ. ಆ ಅರೆಕ್ಷಣ ಮುಂದೋಳಿಗೆ ವಿಶ್ರಾಂತಿ, ರಕ್ತವೂ ಸರಾಗವಾಗಿ ಹರಿಯುತ್ತದೆ. ಕೋಲನ್ನು ಬಿಗಿಯಾಗಿ ಹಿಡಿದೇ ಇದ್ದರೆ ತೋಳು ಮರಗಟ್ಟದೆ ಇನ್ನೇನಾಗುತ್ತದೆ?

ವಾಸಾಲೋಪೆಟ್‌ನಲ್ಲಿ ಮುಂದೆ ಹೋಗುವವರು ಈಗ ಗ್ರಿಪ್ ವ್ಯಾಕ್ಸ್ (ಸ್ಕೀ ಹಿಂದೆ ಜಾರದಂತೆ ಅಡಿಗೆ ಹಚ್ಚುವ ಮೇಣ) ಹಚ್ಚದೆ, 90 ಕಿ.ಮೀ. ಪೂರ್ತಿ ಡಬಲ್ ಪೋಲಿಂಗ್‌ನಲ್ಲೇ ಮುಗಿಸುತ್ತಾರೆ. ನೀವು ಅದನ್ನು ನಕಲು ಮಾಡಬೇಡಿ. ಹಿಂದೆ ಜಾರದಂತೆ ಅಡಿಯಲ್ಲಿ ರೋಮದ ಪಟ್ಟಿ ಇರುವ ಸ್ಕಿನ್ ಸ್ಕೀ ತೊಗೊಳ್ಳಿ. ಏರಿನಲ್ಲಿ ಕಾಲಿಂದ ಒದ್ದು ಹೋಗಬಹುದು, ನಿಮ್ಮ ಓಟದ ಕಾಲು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಉತ್ತರ, ಟ್ರಾಂಡ್‌ಹೈಮ್‌ನಿಂದ

2025ರ ವಿಶ್ವ ಚಾಂಪಿಯನ್‌ಷಿಪ್ ನಮ್ಮೂರಲ್ಲೇ ನಡೆಯಿತು. ನಾರ್ವೆಯ ಸ್ಕೀಯರ್ ಕ್ಲೇಬೊ ಪುರುಷರ ಆರಕ್ಕೆ ಆರೂ ಚಿನ್ನ ಗೆದ್ದ ಕೂಟ ಅದು. ಮಹಿಳೆಯರ 50 ಕಿ.ಮೀ. ಚಿನ್ನ ಸ್ವೀಡನ್ನಿನ ಫ್ರಿಡಾ ಕಾರ್ಲ್‌ಸನ್ ಅವರಿಗೆ. ನಾನು ಒಂದು ಏರಿನ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಏರು ಮುಗಿದ ಕೂಡಲೇ ಯಾರೂ ಸುಧಾರಿಸಿಕೊಳ್ಳುವುದಿಲ್ಲ. ಇನ್ನೂ ನಾಲ್ಕೈದು ಸಲ ಗಟ್ಟಿಯಾಗಿ ತಳ್ಳಿ, ವೇಗ ಹಿಡಿದ ಮೇಲೆಯೇ ಬಗ್ಗಿ ಕೂತು ಉಸಿರು ಎಳೆಯುತ್ತಾರೆ.

ಇದರ ಹಿಂದೆ ಲೆಕ್ಕ ಇದೆ. ರೇಸಿನ ದಾರಿಯಲ್ಲಿ ಏರು ಸುಮಾರು ಮೂರನೇ ಒಂದು ಭಾಗ, ಆದರೆ ಅರ್ಧದಷ್ಟು ಸಮಯ ಅಲ್ಲೇ ಹೋಗುತ್ತದೆ. ಗೆಲುವು-ಸೋಲು ತೀರ್ಮಾನ ಆಗುವುದೂ ಬಹುಪಾಲು ಅಲ್ಲೇ. ಹಾಗಾಗಿ ಏರಿನಲ್ಲಿ ಅವರು ವಿಓ2 ಮ್ಯಾಕ್ಸ್‌ಗಿಂತಲೂ ಮೇಲಿನ ಶಕ್ತಿ ಹಾಕುತ್ತಾರೆ. ಕೈಸಾಲ ಮಾಡಿದ ಹಾಗೆ, ಇಳಿಜಾರಿನಲ್ಲಿ ತೀರಿಸುತ್ತಾರೆ. ಮತ್ತೆ ಮುಂದಿನ ಏರಿಗೆ ಸಿದ್ಧ. ಇಷ್ಟು ಬೇಗ ಸುಧಾರಿಸಿಕೊಳ್ಳುವುದೇ ಅವರ ದೊಡ್ಡ ಶಕ್ತಿ ಅಂತ ನನಗೆ ಅನಿಸುತ್ತದೆ. ಅದು ಬರುವುದು ಮೇಲೆ ಹೇಳಿದ ಆ ನಿಧಾನದ ಗಂಟೆಗಳಿಂದಲೇ. ನಮಗೆ ಆ ಶಕ್ತಿ ಇಲ್ಲದಿರುವಾಗ ಏರಿನಲ್ಲಿ ಸಾಲ ಮಾಡಬಾರದು.

ಉತ್ತರ, ಊಪ್ಸಾಲಾದಿಂದ

ನಾನು ವೈದ್ಯೆ. ಎರಡು ಮಾತು. ಚಳಿಗಾಳಿ ಒಣಗಾಳಿ ಕೂಡ. ಜೋರಾಗಿ ಉಸಿರಾಡಿದಾಗ ಶ್ವಾಸನಾಳದ ತೇವ ಆರುತ್ತದೆ, ನಾಳ ಬಿಗಿಯುತ್ತದೆ. ಸ್ಕೀಯರ್‌ಗಳಲ್ಲಿ ಆಸ್ತಮಾ ಜಾಸ್ತಿ ಇರುವುದು ಇದರಿಂದಲೇ. ಅಂತರರಾಷ್ಟ್ರೀಯ ರೇಸುಗಳಿಗೂ ಮೈನಸ್ 20 ಡಿಗ್ರಿಯ ಮಿತಿ ಇದೆ. ನೀವು ಮೈನಸ್ 10 ದಾಟಿದರೆ ಬಾಯಿಗೆ ತೆಳು ಬಟ್ಟೆ ಸುತ್ತಿಕೊಳ್ಳಿ, ಮೊದಲ ಇಪ್ಪತ್ತು ನಿಮಿಷ ನಿಧಾನ ಹೋಗಿ. ನಿಂತ ಮೇಲೂ ಕೆಮ್ಮು, ಶಿಳ್ಳೆಯಂಥ ಉಸಿರು ಇದ್ದರೆ ತೋರಿಸಿಕೊಳ್ಳಿ, ಸುಮ್ನೆ ಬಿಡಬೇಡಿ.

ಎರಡನೆಯದು ಕಬ್ಬಿಣಾಂಶ. ಸಸ್ಯಾಹಾರಿಗಳು ದಮ್ಮಿನ ಆಟಕ್ಕೆ ಇಳಿದಾಗ ಇದು ಸದ್ದಿಲ್ಲದೆ ಇಳಿಯುತ್ತದೆ. ಹಿಮೋಗ್ಲೋಬಿನ್ ಜೊತೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ಪರೀಕ್ಷೆ ಮಾಡಿಸಿ. ಹುರುಳಿ, ಕಡಲೆ, ಸೊಪ್ಪು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿ. ಕಾಫಿ, ಟೀ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ.

ಉತ್ತರ, ಮಡಿಕೇರಿಯಿಂದ

ಹಿಮ ಇಲ್ಲದ ಊರಿನವರಿಗೂ ಇದು ಸಾಧ್ಯ ಅಂತ ಹೇಳಲು ಬರೆಯುತ್ತಿದ್ದೇನೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕ್ರೀಡಾಕೂಟದಲ್ಲಿ ಈ ಆಟದಲ್ಲೇ ಚಿನ್ನ ಗೆದ್ದವರು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಂತರರಾಷ್ಟ್ರೀಯ ರೇಸಿನ ದಾರಿ ಸಾಮಾನ್ಯವಾಗಿ 1,800 ಮೀಟರ್ ದಾಟಬಾರದು. ನಾನು ಅಲ್ಲಿ ಕಲಿಯಲು ಹೋದಾಗ ಮೊದಲ ದಿನಗಳಲ್ಲಿ ಬೂಟು ಕಟ್ಟಿಕೊಂಡರೂ ಏದುಸಿರು. ಸ್ವೀಡನ್ನಿನಲ್ಲಿ ನಿಮಗೆ ಆ ಕಷ್ಟವಾದರೂ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಬೇಸಿಗೆಯಲ್ಲಿ ಏನು ಮಾಡಲಿ? ಮತ್ತೆ ಆ ದಿನ ದಾರಿಯಲ್ಲಿ ವೇಗ ಹೇಗೆ ಹಂಚಿಕೊಳ್ಳಲಿ?

ಉತ್ತರ, ಓಸ್ಟರ್‌ಸುಂಡ್‌ನಿಂದ

ಬೇಸಿಗೆಗೆ ರೋಲರ್ ಸ್ಕೀ, ಅಂದರೆ ರಸ್ತೆಯಲ್ಲಿ ಓಡುವ ಚಕ್ರದ ಸ್ಕೀ. ಹೆಲ್ಮೆಟ್ ಕಡ್ಡಾಯ. ಬಹಳಷ್ಟಕ್ಕೆ ಬ್ರೇಕ್ ಇರುವುದಿಲ್ಲ, ಅದಕ್ಕೇ ಇಳಿಜಾರಿಲ್ಲದ ಸೈಕಲ್ ದಾರಿ ಹುಡುಕಿ. ಜೊತೆಗೆ ಕೋಲು ಹಿಡಿದು ಗುಡ್ಡ ಹತ್ತಿ, ಓಟ ಬಿಡಬೇಡಿ.

ಆ ದಿನ ಶುರುವಿನ ಜಾಗ ಬಿಟ್ಟ ಕೂಡಲೇ ಸುಮಾರು 3 ಕಿ.ಮೀ. ಏರು. ಜನಜಂಗುಳಿ, ಸಾಲಿನಲ್ಲಿ ನಿಂತು ನಿಂತು ಹತ್ತಬೇಕಾಗುತ್ತದೆ. ಅಲ್ಲಿ ಯಾರನ್ನೂ ಹಿಂದೆ ಹಾಕಲು ಹೋಗಬೇಡಿ, ಪಕ್ಕದವರ ಕೋಲು ಮುರಿಯದಂತೆ ನೋಡಿಕೊಳ್ಳಿ. ಮೊದಲ ನಿಲ್ದಾಣ ಸ್ಮೋಗನ್‌ನಿಂದಲೇ ತಿನ್ನುತ್ತಾ ಹೋಗಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ಅಲ್ಲಿ ಕೊಡುವ ಬಿಸಿ ಬ್ಲೂಬೆರಿ ಸೂಪ್ ಸಸ್ಯಾಹಾರಿಗಳಿಗೂ ಆಗುತ್ತದೆ, ಹೊಟ್ಟೆಗೂ ಹಿತ. ಎವರ್ಟ್ಸ್‌ಬರ್ಗ್ ನಿಲ್ದಾಣ ಅರ್ಧ ದಾರಿ ದಾಟಿದ ಮೇಲೆ ಸಿಗುತ್ತದೆ. ಅಲ್ಲಿಂದ ಮುಂದೆ ಒಳ್ಳೆಯ ಇಳಿಜಾರು ಇದೆ. ಅಲ್ಲಿಯವರೆಗೆ ಮಾತಾಡುವಷ್ಟು ಉಸಿರು ಉಳಿಸಿಕೊಂಡರೆ ದಾರಿ ಮುಗಿಯುವ ಮೂರಾ ಊರು ಮುಟ್ಟುತ್ತೀರಿ. ಪ್ರತಿ ನಿಲ್ದಾಣಕ್ಕೂ ಗಡುವಿನ ಸಮಯ ಇದೆ, ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಚಳಿಯಲ್ಲಿ ಫೋನ್ ಬ್ಯಾಟರಿ ನಂಬಬೇಡಿ.