ರಾತ್ರಿ ಸೀನಿಗೆ ಲಾಟೀನು: ಗಾಜು ಬೆಳ್ಳಗೆ, ಮುಖ ಕತ್ತಲು

ಜಗಲಿ_ಚಿತ್ರ:
ಕಿರುಚಿತ್ರದಲ್ಲಿ ಕರೆಂಟಿಲ್ಲದ ಮಲೆನಾಡಿನ ಮನೆ. ಅಜ್ಜಿ ಲಾಟೀನು ಹಿಡಿದು ಜಗಲಿಯಿಂದ ಕೊಟ್ಟಿಗೆಗೆ ನಡೆಯಬೇಕು. ಲಾಟೀನೊಳಗೆ 12 ವೋಲ್ಟ್ ವಾರ್ಮ್ ವೈಟ್ ಎಲ್‌ಇಡಿ ಸ್ಟ್ರಿಪ್ ಸುತ್ತಿ, ಮೂರು 18650 (ರೀಚಾರ್ಜ್ ಆಗುವ ಲಿಥಿಯಂ) ಸೆಲ್ ಕೊಟ್ಟಿದ್ದೇವೆ. ಮುಖ ಸರಿಯಾಗಿ ಕಾಣುವಂತೆ ಎಕ್ಸ್‌ಪೋಸ್ ಮಾಡಿದರೆ ಗಾಜು ಬಿಳಿ ಮುದ್ದೆ ಆಗುತ್ತೆ. ಡಿಮ್ಮರ್ ತಿರುಗಿಸಿದರೆ ಚಿತ್ರದಲ್ಲಿ ಅಡ್ಡಪಟ್ಟೆ. ಜೊತೆಗೆ ಅರ್ಧ ಗಂಟೆಯಲ್ಲಿ ಬೆಳಕು ಇಳಿದು ಶಾಟ್‌ಗಳು ಮ್ಯಾಚ್ ಆಗುತ್ತಿಲ್ಲ. ಕ್ಯಾಮೆರಾ ಸೆಟ್ಟಿಂಗ್: ಎಫ್/2, ಐಎಸ್‌ಒ 1600, ಶಟರ್ 1/50. ಏನು ಮಾಡಬಹುದು?

ದೀಪದಕಂಬ:
ಒಂದೇ ದೀಪದ ಕೈಲಿ ಎರಡು ಕೆಲಸ ಮಾಡಿಸ್ತಿದ್ದೀರಿ, ಅದಕ್ಕೇ ಈ ಪಾಡು. ಕ್ಯಾಮೆರಾಕ್ಕೆ ಕಾಣುವ ಜ್ವಾಲೆ ಬೇರೆ, ಅಜ್ಜಿಯ ಮುಖಕ್ಕೆ ಬೀಳುವ ಬೆಳಕು ಬೇರೆ ಆಗಬೇಕು.

ಲೆಕ್ಕ ನೋಡಿ. ನಿಮ್ಮ ಸೆಟ್ಟಿಂಗಿಗೆ ಸರಿಯಾದ ಎಕ್ಸ್‌ಪೋಷರ್ ಬೇಕಾದರೆ ಮುಖದ ಮೇಲೆ ಸುಮಾರು 30 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಇರಬೇಕು. ನಿಜವಾದ ಸೀಮೆಎಣ್ಣೆ ಲಾಟೀನು 1 ಮೀಟರ್ ದೂರಕ್ಕೆ ಕೊಡೋದು 10 ಲಕ್ಸ್ ಆಸುಪಾಸು. ರಾತ್ರಿ ಸೀನಿನಲ್ಲಿ ಮುಖ ಒಂದು ಸ್ಟಾಪ್ ಕಮ್ಮಿ, ಅಂದರೆ ಅರ್ಧ ಬೆಳಕಿನಲ್ಲಿ ಇದ್ದರೇ ಚೆನ್ನ, ಹಾಗಾಗಿ 15 ಲಕ್ಸ್ ಸಾಕು. ಅದಕ್ಕಿಂತ ಏರಿಸಬೇಡಿ, ಲಾಟೀನು ಟ್ಯೂಬ್‌ಲೈಟಿನ ಥರ ಕಾಣುತ್ತೆ.

40 ಮಿ.ಮೀ. ಅಲ್ಯೂಮಿನಿಯಂ ಪೈಪನ್ನು 100 ಮಿ.ಮೀ. ಉದ್ದಕ್ಕೆ ಕತ್ತರಿಸಿ ಉದ್ದುದ್ದ ಎರಡು ಸೀಳು ಮಾಡಿ. ಒಂದು ಹೋಳು ಸಾಕು. ಅದರ ಉಬ್ಬಿದ ಮೈಗೆ 100 ಮಿ.ಮೀ. ಉದ್ದದ 8 ಸ್ಟ್ರಿಪ್ ತುಂಡು ನಿಲ್ಲಿಸಿ ಅಂಟಿಸಿ, ಎಲ್ಲವನ್ನೂ ಪ್ಯಾರಲಲ್ ಆಗಿ ಬೆಸೆಯಿರಿ. ಮೀಟರಿಗೆ 10 ವ್ಯಾಟ್ ಸ್ಟ್ರಿಪ್ ಆದರೆ ಇದು 8 ವ್ಯಾಟ್. ಈ ಬದಿ ಅಜ್ಜಿ ಕಡೆಗೆ. ಒಳಗುಳಿದ ಮೈಗೆ ಮ್ಯಾಟ್ ಕಪ್ಪು ಬಳಿದು, ಬತ್ತಿ ಇರುವ ಎತ್ತರದಲ್ಲಿ ಒಂದೇ 25 ಮಿ.ಮೀ. ತುಂಡು ಕೂರಿಸಿ. ಇದು ಕ್ಯಾಮೆರಾಕ್ಕೆ ಕಾಣುವ ಜ್ವಾಲೆ. ಗಾಜಿನೊಳಗೆ ಸುತ್ತಲೂ ಒಂದು ಪದರ ಟ್ರೇಸಿಂಗ್ ಪೇಪರ್ ಹಾಕಿ, ಇಲ್ಲವಾದರೆ ಎಲ್‌ಇಡಿಯ ಚುಕ್ಕೆಗಳು ಲೆಕ್ಕಕ್ಕೆ ಸಿಗುತ್ತವೆ.

ಅಜ್ಜಿ ಕಡೆಯ ಬದಿ ಯಾವುದೆಂದು ಹಿಡಿಕೆಗೆ ಟೇಪ್ ಸುತ್ತಿ ಗುರುತು ಮಾಡಿ. ಕ್ಯಾಮೆರಾ ಆಚೆ ಬದಿಗೆ ಹೋದರೆ ಲಾಟೀನನ್ನೂ ತಿರುಗಿಸಿಕೊಡಬೇಕು.

ಬೆಸುಗೆ_18650:
ಪಟ್ಟೆಗೆ ಕಾರಣ ಡಿಮ್ಮರ್. ಅಗ್ಗದ ಡಿಮ್ಮರ್ ಸೆಕೆಂಡಿಗೆ ಕೆಲವೇ ನೂರು ಸಲ ದೀಪವನ್ನು ಆರಿಸಿ ಹೊತ್ತಿಸುತ್ತೆ, ಸೆನ್ಸರ್ ಸಾಲುಸಾಲಾಗಿ ಓದುವಾಗ ಅದೇ ಪಟ್ಟೆಯಾಗಿ ಮೂಡುತ್ತೆ. ಅದನ್ನು ಕಿತ್ತುಹಾಕಿ.

ಬೆಳಕು ಇಳಿಯೋದು ಯಾಕಂದ್ರೆ, ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿಯ ಸರಣಿಗೇ 9 ವೋಲ್ಟ್ ಹೋಗುತ್ತೆ, ಕರೆಂಟನ್ನು ಮಿತಿಯಲ್ಲಿಡೋ ರೆಸಿಸ್ಟರಿಗೆ ಉಳಿಯೋದು ಬರೀ ಮೂರು. ಮೂರು ಸೆಲ್ಲಿನ ಪ್ಯಾಕ್ 12.6ರಿಂದ 11.1ಕ್ಕೆ ಬಂದರೆ ಕರೆಂಟು ಹೆಚ್ಚುಕಮ್ಮಿ ಅರ್ಧ ಆಗುತ್ತೆ. ನಾಲ್ಕು ಸೆಲ್ ಸೀರೀಸ್‌ನಲ್ಲಿ ಹಾಕಿ, ಜೊತೆಗೆ 4ಎಸ್ ಬಿಎಂಎಸ್ ಬೋರ್ಡು (ಸೆಲ್ಲುಗಳನ್ನು ಕಾಯೋ ಸರ್ಕ್ಯೂಟು). ಅಲ್ಲಿಂದ ಎರಡು ಎಲ್‌ಎಂ2596 ಮಾಡ್ಯೂಲ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡೋ ಬೋರ್ಡು): ಒಂದು ಮುಖದ ಬದಿಗೆ, ಒಂದು ಜ್ವಾಲೆಗೆ. ಮಾಡ್ಯೂಲ್ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ 12ರಿಂದ 9.5 ವೋಲ್ಟ್‌ವರೆಗೆ ಇಳಿಸಿದರೆ ಅದೇ ಡಿಮ್ಮರ್, ಪಟ್ಟೆಯ ಮಾತೇ ಇಲ್ಲ. ಸೆಟ್ ಆದಮೇಲೆ ವೋಲ್ಟೇಜ್ ಬರೆದಿಡಿ, ಮರುದಿನದ ಶೂಟಿಂಗಿಗೆ ಅದೇ ಆಧಾರ. 2600 ಎಂಎಎಚ್ ಸೆಲ್ಲಾದರೆ ಸುಮಾರು 3 ಗಂಟೆ ಬರುತ್ತೆ. ಪ್ಯಾಕ್ 13.5ಕ್ಕೆ ಇಳಿದಾಗ ಬದಲಿಸಿ, ಅದರ ಕೆಳಗೆ ಮಾಡ್ಯೂಲಿಗೆ 12 ಹಿಡಿದಿಡೋಕೆ ಆಗಲ್ಲ.

ಜಗಲಿ_ಚಿತ್ರ:
ಧನ್ಯವಾದ. ಜ್ವಾಲೆ ಮಿನುಗೋಕೆ ಆರ್ಡುಯಿನೋ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಕಂಟ್ರೋಲ್ ಬೋರ್ಡು) ಹಾಕಬೇಕಾ?

ಕಂದೀಲು_ಧಾರವಾಡ:
ಬ್ಯಾಡ್ರಿ. ಕಂದೀಲದಾಗ ಕುಡಿ ಹೊಯ್ದಾಡಂಗಿಲ್ಲ, ಗಾಜು ಇರೋದ ಗಾಳಿ ತಡಿಯಾಕ. ಮಿಣಿಮಿಣಿ ಮಾಡಿದ್ರ ಸೀರಿಯಲ್ ಸೆಟ್ ಬಂದಬಿಡ್ತದ. ಕೈಯಾಗ ತೂಗಿದಾಗ ಗೋಡಿ ಮ್ಯಾಲಿನ ನೆರಳು ತಾನ ಆಡ್ತದ, ಅಷ್ಟ ಸಾಕು.

ಬಣ್ಣದ ಕಡೆ ಲಕ್ಷ್ಯ ಕೊಡ್ರಿ. ಸೀಮೆಎಣ್ಣಿ ಕುಡಿ 1900 ಕೆಲ್ವಿನ್ (ಬೆಳಕಿನ ಬಣ್ಣದ ಅಳತಿ, ಕಡಿಮಿ ಇದ್ದಷ್ಟು ಕೆಂಪು) ಆಜುಬಾಜು, ನಿಮ್ಮ ಸ್ಟ್ರಿಪ್ 2700 ಇರ್ಬೇಕು. ಟ್ರೇಸಿಂಗ್ ಪೇಪರ್ ಒಳಗ ಅರ್ಧ ಸಿಟಿಒ ಜೆಲ್ (ಬೆಳಕು ಕಿತ್ತಳಿ ಮಾಡೋ ಹಾಳಿ) ಇಡ್ರಿ, ಕ್ಯಾಮೆರಾದಾಗ ವೈಟ್ ಬ್ಯಾಲೆನ್ಸ್ 3200ಕ್ಕ ಲಾಕ್ ಮಾಡ್ರಿ. ಆಟೋ ಬಿಟ್ಟ್ರ ಕೆಂಪು ತೆಗದು ಬೆಳ್ಳಗ ಮಾಡ್ತದ. ಸ್ಟ್ರಿಪ್ ಸಿಆರ್‌ಐ (ಬಣ್ಣ ಖರೇ ತೋರಿಸೋ ಅಳತಿ) 95 ಇರೋದ ತಗೋರಿ, ಕಡಿಮಿ ಇದ್ರ ಅಜ್ಜಿ ಮುಖ ಹಸಿರು ಹೊಡಿತದ.

ದೀಪದಕಂಬ:
ಒಂದು ಮರೆತಿದ್ದೆ. ಸೆಲ್ ಕೂರಿಸೋಕೆ ಎಣ್ಣೆ ಟ್ಯಾಂಕಿನ ತಳ ಕೊಯ್ಯಬೇಕಲ್ಲ, ಬಳಸಿದ ಲಾಟೀನಿಗೆ ಗ್ರೈಂಡರ್ ಹಚ್ಚಬೇಡಿ. ಒಳಗಿನ ಸೀಮೆಎಣ್ಣೆ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತೆ. ಎಣ್ಣೆ ಕಾಣದ ಹೊಸ ಲಾಟೀನು ತಂದು ಕೊಯ್ದು, ಆಮೇಲೆ ಮಸಿ ಬಳಿದು ಹಳತು ಮಾಡಿ. ನಾಲ್ಕು ಸೆಲ್ ಪಕ್ಕಪಕ್ಕ ಮಲಗಿಸಿದರೆ 72 × 65 ಮಿ.ಮೀ. ಜಾಗ ಬೇಕು, ಟ್ಯಾಂಕಿನ ಒಳ ಅಗಲ 100 ಮಿ.ಮೀ. ಇದ್ದರೆ ಹಿಡಿಯುತ್ತೆ.